ಕಾಮೋಠೆಯ ಸ್ಥಳಪುರಾಣ

ನಮ್ಮ ನಾಡಿನಲ್ಲಿ ಸ್ಥಳಪುರಾಣವಿಲ್ಲದ ಊರನ್ನು ಹುಡುಕಿ ತೆಗೆಯುವುದು ಸುಲಭವಾದ ಕಾರ್ಯವಲ್ಲ. ನಾಲ್ಕು ಮನೆ, ಒಂದು ಕೆರೆ, ಕೆರೆಯ ದಂಡೆಯಲ್ಲೊಂದು ಅರಳಿಮರ, ಇಷ್ಟಿದ್ದರೆ ಸಾಕು. ವನವಾಸದ ಕಾಲದಲ್ಲಿ ಸೀತಾದೇವಿಯು ಅಲ್ಲಿಯ ಬಂಡೆಯ ಮೇಲೆ ಸೀರೆಯನ್ನು ಹರವಿ ಒಣಗಿಸಿದಳೆಂದೋ, ಭೀಮಸೇನನು ಮೊಣಕಾಲೂರಿ ನೀರು ಕುಡಿದದ್ದರಿಂದಲೇ ಆ ಕೆರೆಗೆ ಆ ಆಕಾರವು ಪ್ರಾಪ್ತವಾಯಿತೆಂದೋ ಹೇಳುವ ಹಿರಿಯರೊಬ್ಬರು ಆ ಅರಳಿಕಟ್ಟೆಯ ಮೇಲೆಯೇ ಕುಳಿತಿರುತ್ತಾರೆ. ಶ್ರೀರಾಮನು ತಂಗಿದನೆಂದು ಹೇಳಲಾಗುವ ಸ್ಥಳಗಳನ್ನೆಲ್ಲ ಕೂಡಿಸಿ ನೋಡಿದರೆ ಹದಿನಾಲ್ಕು ವರ್ಷಗಳ ಅವಧಿಯು ಅವನಿಗೆ ಸಾಲದೆ ಹೋಗಿರಬೇಕೆಂಬ ಸಂದೇಹವು ನನಗೆ ಬಾಲ್ಯದಿಂದಲೂ ಉಂಟು; ಆದರೆ ಅದು ಭಕ್ತಿಯ ಲೆಕ್ಕ, ಪಂಚಾಂಗದ ಲೆಕ್ಕವಲ್ಲ.

ಇಂತಹ ಪುರಾಣಸಮೃದ್ಧವಾದ ನಾಡನ್ನು ಬಿಟ್ಟು, ಹೊಟ್ಟೆಪಾಡಿನ ನಿಮಿತ್ತ ಮುಂಬಯಿಗೆ ಬಂದು, ಮುಂಬಯಿಯ ಬಾಡಿಗೆಯನ್ನು ತಾಳಲಾರದೆ ಖಾಡಿಯನ್ನು ದಾಟಿ, ನಾನು ಕೊನೆಗೆ ನೆಲೆಸಿದ ಊರು ಕಾಮೋಠೆ. ರಾಯಗಡ ಜಿಲ್ಲೆಯ ಪನವೇಲ್ ತಾಲ್ಲೂಕಿಗೆ ಸೇರಿದ ಈ ಊರಿನ ಮೂಲಗ್ರಾಮವೇನೋ ಹಳೆಯದೇ. ಅಲ್ಲಿಯ ಆಗ್ರಿ ಜನರಿಗೆ ತಮ್ಮ ಗದ್ದೆಗಳು, ತಮ್ಮ ದೇವರುಗಳು, ತಮ್ಮ ಕಥೆಗಳು ಇದ್ದೇ ಇವೆ. ಆದರೆ 1970ರಲ್ಲಿ ಅವತರಿಸಿದ ಸಿಡ್ಕೋ ಎಂಬ ಸರಕಾರಿ ವಿಶ್ವಕರ್ಮನು ಭೂಮಿಯ ಮೇಲೆ ಗೆರೆಗಳನ್ನೆಳೆದು, ಒಂದೊಂದು ಚೌಕಕ್ಕೂ ಸೆಕ್ಟರ್ ಎಂಬ ಹೆಸರಿಟ್ಟು ಸಂಖ್ಯೆಯನ್ನು ಹಚ್ಚಿ ನಿರ್ಮಿಸಿದ ಹೊಸ ಕಾಮೋಠೆಗೆ, ನಮ್ಮಂತಹ ವಲಸೆಗಾರರ ಕಾಮೋಠೆಗೆ, ಪುರಾಣವೆಂಬುದಿಲ್ಲ. ಹನುಮಂತನು ಸಂಜೀವಿನಿ ಪರ್ವತವನ್ನು ಕ್ಷಣಕಾಲ ಇಳಿಸಿದ್ದು 11ನೆಯ ಸೆಕ್ಟರಿನಲ್ಲಿ ಎಂದು ನಾನು ಹೇಳಿದರೆ, ಯಾವ ಸೊಸೈಟಿಯ ಎದುರಿಗೆ, ವಾಚ್‌ಮನ್ ಬಿಟ್ಟನೇ ಎಂದು ಕೇಳುವವರೇ ಇಲ್ಲಿ ಹೆಚ್ಚು. ಪುರಾಣದೃಷ್ಟಿಯುಳ್ಳ ಮಹನೀಯರಾರೋ ನಮ್ಮ ರೈಲು ನಿಲ್ದಾಣಕ್ಕೆ ಮಾನಸರೋವರ ಎಂದು ಹೆಸರಿಟ್ಟಿರುವುದೊಂದೇ ಈ ಕೊರತೆಯ ನಡುವಿನ ಸಮಾಧಾನ. ಯಾತ್ರಿಕರು ಹಿಮಾಲಯವನ್ನೇರಿ, ಉಸಿರುಗಟ್ಟಿ, ಪುಣ್ಯವಿದ್ದರೆ ಆಯುಷ್ಯದಲ್ಲೊಮ್ಮೆ ಕಾಣುವ ತೀರ್ಥದಲ್ಲಿ ನಾವು ದಿನವೂ ಎರಡಾವರ್ತಿ ಉಸಿರುಗಟ್ಟಿಯೇ ಇಳಿಯುತ್ತೇವೆ ಮತ್ತು ಹತ್ತುತ್ತೇವೆ.

ಆದಕಾರಣ ಈ ಊರಿಗೊಂದು ಸ್ಥಳಪುರಾಣವನ್ನು ರಚಿಸುವ ಭಾರವನ್ನು ನಾನೇ ಹೊತ್ತುಕೊಂಡಿದ್ದೇನೆ. ನನ್ನಲ್ಲಿರುವ ಬಂಡವಾಳವೆಂದರೆ ಮೂರು ಭಕ್ತಿಗಳು: ಕ್ರಿಕೆಟ್ಟು, ಟೀವಿಯಲ್ಲಿ ಬರುವ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಗಳು, ಮತ್ತು ಹಿರಿಯ ಸಂಪ್ರದಾಯದ ರಾಕ್ ಸಂಗೀತ. ಈ ಮೂರೂ ಪರದೇಶದ ಹುಚ್ಚುಗಳೆಂದೂ, ತಾಳಮದ್ದಳೆಯ ನಾಡಿನಲ್ಲಿ ಹುಟ್ಟಿದವನಿಗೆ ಇವು ಶೋಭಿಸವೆಂದೂ ಊರಿನ ಬಂಧುಗಳ ಮತ. "ರೀ, ಇವುಗಳಲ್ಲಿ ಒಂದಾದರೂ ನಮ್ಮ ಕಡೆಯದು ಉಂಟೇನ್ರೀ?" ಎಂದು ಮನೆಯಾಕೆಯೂ ಕೇಳುವುದುಂಟು. ಮೂರೂ ನಮ್ಮ ಕಡೆಯವೇ, ಅದರಲ್ಲಿಯೂ ಪನವೇಲ್ ತಾಲ್ಲೂಕಿನ ನೆರೆಹೊರೆಯವೇ ಎಂಬುದನ್ನು ಸಿದ್ಧಪಡಿಸುವುದೇ ಈ ಪುರಾಣದ ಉದ್ದೇಶ. ಪ್ರಮಾಣದ ವಿಷಯದಲ್ಲಿ ನಾನು ಪೂರ್ವಸೂರಿಗಳ ಮಾರ್ಗವನ್ನು ಬಿಟ್ಟಿಲ್ಲ. ದೇವತೆಯು ಆ ಸ್ಥಳದಲ್ಲಿಯೇ ಹುಟ್ಟಿರಬೇಕೆಂಬ ನಿಯಮ ಯಾವ ಸ್ಥಳಪುರಾಣದಲ್ಲಿಯೂ ಇಲ್ಲ. ಹಾದುಹೋಗುವಾಗ ನೀರು ಕುಡಿದಿದ್ದರೆ ಸಾಕು. ಕ್ಷೇತ್ರದ ವಿಸ್ತಾರವನ್ನು ಯೋಜನಗಳಲ್ಲಿ ಹೇಳುವುದು ವಾಡಿಕೆ. ಒಂದು ಯೋಜನಕ್ಕೆ ಐದು ಮೈಲಿಯೋ, ಎಂಟೋ, ಒಂಬತ್ತೋ ಎಂಬ ವಿಷಯದಲ್ಲಿ ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಾರದಿರುವುದು ನನ್ನಂತಹವರಿಗೆ ಮಹೋಪಕಾರವಾಗಿದೆ.

ಮೊದಲನೆಯದು ಕ್ರೀಡಾಕಾಂಡ. ಮಾನಸರೋವರದಲ್ಲಿ ಹಾರ್ಬರ್ ಗಾಡಿಯನ್ನೇರಿ, ಖಾರ್ಘರ್, ಬೇಲಾಪುರ, ಸೀವುಡ್ಸ್‌ಗಳನ್ನು ದಾಟಿದರೆ ನೆರೂಳ್; ನೆರೂಳಿನಲ್ಲಿ ಡಿ.ವೈ. ಪಾಟೀಲ್ ಕ್ರೀಡಾಂಗಣ. ಮೊಟ್ಟಮೊದಲ ಐಪಿಎಲ್‌ನ ಅಂತಿಮ ಪಂದ್ಯವು, ಶೇನ್ ವಾರ್ನನ ರಾಜಸ್ಥಾನವು ಕಡೆಯ ಎಸೆತದಲ್ಲಿ ಚೆನ್ನೈಯನ್ನು ಮಣಿಸಿದ ಆ ಪಂದ್ಯವು, 2008ರ ಜೂನ್ 1ರಂದು ನಡೆದದ್ದು ಇಲ್ಲಿಯೇ ಆದುದರಿಂದ ಕ್ಷೇತ್ರದ ಮಹಿಮೆಗೆ ಪ್ರಮಾಣ ಸಿದ್ಧವಾಯಿತು. ಆದರೆ ಮಹಿಮೆ ಒಂದು, ನಿಷ್ಠೆ ಮತ್ತೊಂದು. ಮುಂಬಯಿಯಲ್ಲಿ ಅನ್ನ ತಿನ್ನುವ ಕನ್ನಡಿಗನಿಗೆ ಕ್ರಿಕೆಟ್ಟಿನಲ್ಲಿ ಅದ್ವೈತವು ಸಾಧ್ಯವೇ ಇಲ್ಲ. ಅವನು ಎಂದೆಂದಿಗೂ ದ್ವೈತಿ. 1958–59ರಿಂದ ಎಡೆಬಿಡದೆ 15 ವರ್ಷ ರಣಜಿ ಟ್ರೋಫಿಯನ್ನು ತನ್ನ ಮನೆಯ ಶೋಕೇಸಿನಲ್ಲಿಯೇ ಇಟ್ಟುಕೊಂಡಿದ್ದ ಬೊಂಬಾಯಿಯನ್ನು 1974ರ ಸೆಮಿಫೈನಲ್ಲಿನಲ್ಲಿ ಕರ್ನಾಟಕವು ಹೊರಗಟ್ಟಿದಾಗ, ಪ್ರಸನ್ನರ ಚೆಂಡಿಗೆ ಗವಾಸ್ಕರರ ವಿಕೆಟ್ಟು ಉರುಳಿದಾಗ, ಮಾಟುಂಗದ ಹೋಟೆಲುಗಳಲ್ಲಿ ಗಲ್ಲೆಯ ಮೇಲೆ ಕುಳಿತಿದ್ದ ಎಷ್ಟು ಮಂದಿ ಕನ್ನಡಿಗರು ಗಿರಾಕಿಗಳ ಎದುರಿಗೆ ಮುಖವನ್ನು ಗಂಭೀರವಾಗಿಟ್ಟುಕೊಂಡು, ಒಳಗೆ ಅಡುಗೆಮನೆಗೆ ಹೋಗಿ ನಕ್ಕಿರಬಹುದೆಂದು ನಾನು ಊಹಿಸಬಲ್ಲೆ.

ಈ ದ್ವೈತದ ಪರಮಸಂಕೇತವು ನನ್ನ ದೃಷ್ಟಿಯಲ್ಲಿ 1982ರ ರಣಜಿ ಸೆಮಿಫೈನಲ್ಲು. ಬೆಂಗಳೂರಿನಲ್ಲಿ ನಡೆದ ಆ ಪಂದ್ಯದಲ್ಲಿ ಎಡಗೈ ಸ್ಪಿನ್ನರ್ ರಘುರಾಮ್ ಭಟ್ಟರ ಚೆಂಡು ತಿರುಗುವ ಪರಿಯನ್ನು ಕಂಡು, ಬಲಗೈಯಿಂದ ಇದು ಸಾಗದೆಂದು ಬಗೆದ ಸುನಿಲ್ ಗವಾಸ್ಕರರು ಎಡಗೈಯಾಟಗಾರರಾಗಿ ನಿಂತು ಬ್ಯಾಟು ಬೀಸಿದರು, ಔಟೂ ಆಗಲಿಲ್ಲ. ಕ್ರಿಕೆಟ್ ಪಂಡಿತರಿಗೆ ಇದೊಂದು ವಿಚಿತ್ರ ಪ್ರಸಂಗವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಮನೆಯಲ್ಲಿ ಕನ್ನಡ ಅಥವಾ ತುಳು, ಭಾಜಿವಾಲಿಯೊಡನೆ ಮರಾಠಿ, ಗಾಡಿಯಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷು, ಹೀಗೆ ದಿನಕ್ಕೆ ನಾಲ್ಕು ಬಾರಿ ಕೈ ಬದಲಾಯಿಸಿ, ವಿಕೆಟ್ಟನ್ನು ಕಾಯ್ದುಕೊಳ್ಳುತ್ತಿರುವ ಹೊರನಾಡ ಕನ್ನಡಿಗನಿಗೆ ಅದರಲ್ಲಿ ವಿಚಿತ್ರವಾದದ್ದೇನೂ ತೋರದು. ಮುಂಬಯಿಗನೊಬ್ಬನು ಬೆಂಗಳೂರಿಗೆ ಹೋಗಿ ಒಂದು ಮಧ್ಯಾಹ್ನದ ಮಟ್ಟಿಗೆ ಮಾಡಿದ್ದನ್ನು ನಾವು ಬೆಂಗಳೂರಿನ ಕಡೆಯಿಂದ ಬಂದು ಜನ್ಮಪರ್ಯಂತ ಮಾಡುತ್ತಿದ್ದೇವೆ.

ಇನ್ನು ಆರ್‌ಸಿಬಿಯ ಉಪಾಖ್ಯಾನ. ಇದರಲ್ಲಿ ಆರು ಎಂಬ ಸಂಖ್ಯೆಗೆ ಒಂದು ಶಾಪದ ಬಲವಿದೆ. 2009ರ ಐಪಿಎಲ್ ಫೈನಲ್ಲನ್ನು ಬೆಂಗಳೂರು ಸೋತದ್ದು 6 ರನ್ನುಗಳಿಂದ. ಅದು ಮಾಸುವ ಮೊದಲೇ, 2010ರ ಜನವರಿಯಲ್ಲಿ, ಮೈಸೂರಿನಲ್ಲಿ ನಡೆದ ರಣಜಿ ಫೈನಲ್ಲನ್ನು ಕರ್ನಾಟಕವು ಮುಂಬಯಿಗೆ ಸೋತದ್ದೂ 6 ರನ್ನುಗಳಿಂದಲೇ. ಮರುದಿನ ಗಾಡಿಯಲ್ಲಿ ನನ್ನ ಮರಾಠಿ ಮಿತ್ರರು ಸಾಂತ್ವನ ಹೇಳಿದ ವಿಧಾನವನ್ನು ಇಲ್ಲಿ ಬರೆಯಲಾರೆ. ಪ್ರತಿಯೊಂದು ಶಾಪಕ್ಕೂ ವಿಮೋಚನೆಯುಂಟೆಂಬ ಪುರಾಣನಿಯಮದಂತೆ, 2025ರ ಜೂನ್ 3ರಂದು ಬೆಂಗಳೂರು ಕಡೆಗೂ ಐಪಿಎಲ್ ಕಪ್ಪನ್ನು ಗೆದ್ದುಕೊಂಡಿತು, ಅದೂ ಸರಿಯಾಗಿ 6 ರನ್ನುಗಳಿಂದ. ಮರುದಿನ ಬೆಂಗಳೂರಿನಲ್ಲಿ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಮಂದಿ ಜೀವ ಕಳೆದುಕೊಂಡರು. ಆ ಬಳಿಕ ಆ ಗೆಲುವಿನ ವಿಷಯವಾಗಿ ವಿನೋದ ಮಾಡಲು ನನಗೆ ನಾಲಗೆ ಬಾರದು.

ಕ್ಷೇತ್ರದೇವತೆಯಿಲ್ಲದೆ ಕ್ಷೇತ್ರವಿಲ್ಲ, ನೆರೂಳಿನ ಕ್ಷೇತ್ರದೇವತೆಯ ಆವಿರ್ಭಾವವಾದದ್ದು ಅದೇ ವರ್ಷದ ನವೆಂಬರ್ 2ರಂದು. ಮಧ್ಯಾಹ್ನ ಮಳೆ ಹಿಡಿದು, ಎರಡು ಗಂಟೆ ತಡವಾಗಿ ಆರಂಭವಾದ ಮಹಿಳಾ ವಿಶ್ವಕಪ್ಪಿನ ಫೈನಲ್ಲಿನಲ್ಲಿ ಶೆಫಾಲಿ ವರ್ಮಾ 87 ರನ್ನು ಹೊಡೆದು, ದೀಪ್ತಿ ಶರ್ಮಾ ಐದು ವಿಕೆಟ್ಟು ಕಿತ್ತು, ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿದಾಗ ನಡುರಾತ್ರಿಯಾಗಿತ್ತು. ಅಂದು ಟೀವಿಯ ಮುಂದೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಎತ್ತರದ ಧ್ವನಿಯು ಮನೆಯಾಕೆಯದೇ ಆಗಿದ್ದಿತು. ಪರದೇಶದ ಹುಚ್ಚು ಎಂಬ ಮಾತು ಆ ರಾತ್ರಿ ಯಾರ ಬಾಯಿಂದಲೂ ಬರಲಿಲ್ಲ. ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟನ್ನು ಆಡಿದ್ದು 1976ರಲ್ಲಿ, ಬೆಂಗಳೂರಿನಲ್ಲಿ, ನಮ್ಮ ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ ಎಂದು ನಾನು ನಡುವೆ ಬಾಯಿ ಹಾಕಿ ವಂಶಾವಳಿಯನ್ನು ಹೇಳಹೊರಟೆನು. "ಅದನ್ನು ನಾಳೆ ಹೇಳಿ, ಈಗ ಅಡ್ಡ ನಿಲ್ಲಬೇಡಿ" ಎಂದಳು.

ಎರಡನೆಯದು ಅಂತರಿಕ್ಷಕಾಂಡ. ಎಂಬತ್ತರ ದಶಕದಲ್ಲಿ ದೂರದರ್ಶನವು ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಧಾರಾವಾಹಿಯನ್ನು ತೋರಿಸತೊಡಗಿದಾಗ, ಮಾಡಿನ ಮೇಲೆ ಒಬ್ಬನು ಆಂಟೆನಾವನ್ನು ತಿರುಗಿಸುತ್ತ, ಕೆಳಗೆ ಒಬ್ಬನು "ಬಂತು, ಬಂತು, ಹೋಯಿತು" ಎಂದು ಕೂಗುತ್ತ ಇರುವಾಗ, ಆ ಹಿಮದಂತಹ ಚುಕ್ಕಿಗಳ ನಡುವೆ ಎಂಟರ್‌ಪ್ರೈಸ್ ನೌಕೆಯು ತೇಲಿಬಂದ ಕ್ಷಣದಲ್ಲಿ ನನಗೆ ದೀಕ್ಷೆಯಾಯಿತು. ಚೂಪುಗಿವಿಯ ಸ್ಪಾಕನು ನನಗೆ ಅಪರಿಚಿತನೆಂದು ತೋರಲೇ ಇಲ್ಲ. ಭಾವಾವೇಶಕ್ಕೆ ಎಡೆಗೊಡದೆ, ಒಂದು ಹುಬ್ಬನ್ನು ಮಾತ್ರ ಮೇಲೆತ್ತಿ, ಎದುರಿನವನ ವಾದದ ಹುರುಳನ್ನು ಹೀರಿಬಿಡುವ ತಾಳಮದ್ದಳೆಯ ಅರ್ಥಧಾರಿಗಳನ್ನು ನಾನು ಬಾಲ್ಯದಿಂದ ಬಲ್ಲೆ. ಆ ಧಾರಾವಾಹಿಯಲ್ಲಿ ಜನರು ಮಾಯವಾಗಿ ಬೇರೊಂದು ಲೋಕದಲ್ಲಿ ಪ್ರತ್ಯಕ್ಷರಾಗುವ ಯಂತ್ರವೊಂದುಂಟು. ವಾರವಾರವೂ ಅಷ್ಟು ದೊಡ್ಡ ನೌಕೆಯನ್ನು ನೆಲಕ್ಕಿಳಿಸುವ ದೃಶ್ಯವನ್ನು ಚಿತ್ರಿಸಲು ಹಣವಿಲ್ಲದ ಕಾರಣದಿಂದ ಅದನ್ನು ಕಲ್ಪಿಸಿದರೆಂಬುದನ್ನು ತಿಳಿದ ಮೇಲೆ ನನ್ನ ಗೌರವ ಇಮ್ಮಡಿಯಾಯಿತು. ಬಡತನದಿಂದ ಹುಟ್ಟಿದ ಚಮತ್ಕಾರಕ್ಕೆ ತಲೆಬಾಗದವನು ಮುಂಬಯಿಯಲ್ಲಿ ಬಾಳಲಾರ.

ಡಾಕ್ಟರ್ ಹೂ ಎಂಬ ಬ್ರಿಟಿಷ್ ಧಾರಾವಾಹಿಯ ನಾಯಕನು 1963ರಿಂದಲೂ ಒಂದು ನೀಲಿ ಪೆಟ್ಟಿಗೆಯಲ್ಲಿ ಕಾಲದೇಶಗಳನ್ನು ಸುತ್ತುತ್ತಿರುವನು. ಟಾರ್ಡಿಸ್ ಎಂಬ ಆ ಪೆಟ್ಟಿಗೆಯು ಹೊರಗೆ ಇರುವುದಕ್ಕಿಂತ ಒಳಗೆ ಬಹಳ ದೊಡ್ಡದೆಂಬುದನ್ನು ಕಂಡು ಅದನ್ನು ಹೊಕ್ಕವರೆಲ್ಲರೂ ಬೆರಗಾಗುತ್ತಾರೆ. ಹಾರ್ಬರ್ ಗಾಡಿಯ ಎರಡನೆಯ ದರ್ಜೆಯ ಡಬ್ಬಿಯನ್ನು ಬಲ್ಲ ಕಾಮೋಠೆಯವನು ಮಾತ್ರ ಬೆರಗಾಗಲಾರ. ಇನ್ನು ಒಂದು ಸೂಜಿಗೂ ಎಡೆಯಿಲ್ಲವೆಂದು ನಿಶ್ಚಯವಾದ ಮೇಲೆ ವಾಶಿಯಲ್ಲಿ ಮತ್ತೆ ಎಷ್ಟು ಮಂದಿ ಒಳಸೇರುವರೆಂಬುದನ್ನು ಅವನು ನಿತ್ಯವೂ ನೋಡಿದ್ದಾನೆ. ಅದೇ ಧಾರಾವಾಹಿಯಲ್ಲಿ, 1966ರಲ್ಲಿ, ಮೊದಲ ನಟನ ಆರೋಗ್ಯವು ಕೆಡಲು, ನಾಯಕನು ಹಳೆಯ ದೇಹವನ್ನು ಕಳಚಿ ಹೊಸ ದೇಹದೊಡನೆ ಏಳುವನೆಂಬ ಉಪಾಯವನ್ನು ಹೂಡಿ ಕಥೆಯನ್ನು ಮುಂದುವರಿಸಿದರು. ನಮ್ಮಲ್ಲಿ ಇದಕ್ಕೆ ರೀಡೆವಲಪ್‌ಮೆಂಟ್ ಎಂದು ಹೆಸರು, ಮತ್ತು ಸೊಸೈಟಿಯ ಸಾಮಾನ್ಯ ಸಭೆಯಲ್ಲಿ ಅದಕ್ಕೆ ಒಪ್ಪಿಗೆ ಬೇಕು. ಕಾಲದಲ್ಲಿ ಹಿಂದಕ್ಕೆ ಚಲಿಸುವ ವಿದ್ಯೆಯೂ ನಮಗೆ ಹೊಸತಲ್ಲ. ಮುಂಬಯಿಗೆ ಹೋಗಬೇಕಾದವನು ಮೊದಲು ವಿರುದ್ಧ ದಿಕ್ಕಿನ ಗಾಡಿಯನ್ನೇರಿ ಪನವೇಲಿಗೆ ಹೋಗಿ, ಕುಳಿತ ಸೀಟಿನಿಂದ ಏಳದೆ ಅದೇ ಗಾಡಿಯಲ್ಲಿ ತಿರುಗಿ ಬರುವನು. ಹಿಂದೆ ಹೋದ ಹೊರತು ಮುಂದೆ ಕುಳಿತು ಹೋಗಲಾಗದೆಂಬ ಈ ತತ್ತ್ವವನ್ನು ಯಾವ ಧಾರಾವಾಹಿಯೂ ಇನ್ನೂ ಬಳಸಿಕೊಂಡಂತಿಲ್ಲ.

ಈಗಂತೂ, ಉಲ್ವೆಯ ಬೆಟ್ಟವನ್ನೇ ಕಡಿದು ಸಮಮಾಡಿ, ನದಿಯ ಪಾತ್ರವನ್ನೂ ತಿರುಗಿಸಿ ಕಟ್ಟಿದ ನವಿಮುಂಬಯಿ ವಿಮಾನ ನಿಲ್ದಾಣದಲ್ಲಿ 2025ರ ಡಿಸೆಂಬರ್ 25ರಿಂದ ವಿಮಾನಗಳು ಏರಿಳಿಯುತ್ತಿವೆ. ಗಿರಿಯನ್ನು ಕಡಿಯುವುದು, ನದಿಯನ್ನು ತಿರುಗಿಸುವುದು, ಪುಷ್ಪಕವನ್ನಿಳಿಸುವುದು, ಈ ಮೂರೂ ಇದ್ದಮೇಲೆ ಪುರಾಣಕ್ಕೆ ಇನ್ನೇನು ಕೊರತೆ?

ಮೂರನೆಯದು ನಾದಕಾಂಡ, ಅತ್ಯಂತ ಪ್ರಬಲವಾದ ಪ್ರಮಾಣಗಳಿರುವುದು ಇದರಲ್ಲಿಯೇ. ಜಾಂಜಿಬಾರಿನಲ್ಲಿ ಹುಟ್ಟಿದ ಫರೋಖ್ ಬಲ್ಸಾರಾ ಎಂಬ ಪಾರಸಿ ಬಾಲಕನು ಓದಿದ್ದು ಸಹ್ಯಾದ್ರಿಯ ನೆತ್ತಿಯ ಮೇಲಿನ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ. ಅಲ್ಲಿಯೇ ಟೇಬಲ್ ಟೆನಿಸ್ ಆಡಿ, ಪಿಯಾನೋ ಕಲಿತು, 1958ರಲ್ಲಿ ಗೆಳೆಯರೊಡನೆ ಹೆಕ್ಟಿಕ್ಸ್ ಎಂಬ ವಾದ್ಯತಂಡವನ್ನು ಕಟ್ಟಿದ ಆ ಬಾಲಕನು ಮುಂದೆ ಇಂಗ್ಲೆಂಡಿಗೆ ಹೋಗಿ ಫ್ರೆಡ್ಡಿ ಮರ್ಕ್ಯುರಿಯಾದನು. ಪಂಚಗಣಿಯು ಪನವೇಲಿನ ನೆರೆಯೇ ಎಂದು ಆಕ್ಷೇಪಿಸುವವರು ಯೋಜನದ ವಿಷಯವಾಗಿ ಮೇಲೆ ಹೇಳಿದ್ದನ್ನು ಸ್ಮರಿಸಬೇಕು. ಅವನ ಕ್ವೀನ್ ತಂಡವು 1977ರಲ್ಲಿ ವಿಜಯಗೀತೆಯೊಂದನ್ನು ರಚಿಸಿ ಲೋಕದ ಕ್ರೀಡಾಂಗಣಗಳಿಗೆಲ್ಲ ಒದಗಿಸಿತು. 1980ರಲ್ಲಿ ಫ್ಲಾಶ್ ಗಾರ್ಡನ್ ಎಂಬ ಅಂತರಿಕ್ಷಚಿತ್ರಕ್ಕೆ ಸಂಗೀತವನ್ನು ಕೊಟ್ಟಿತು. ನನ್ನ ಮೂರು ಭಕ್ತಿಗಳೂ ಹೀಗೆ ಒಂದೇ ಗರ್ಭಗುಡಿಯಲ್ಲಿ, ಘಟ್ಟದ ಮೇಲಿನ ಒಬ್ಬ ವಿದ್ಯಾರ್ಥಿಯ ಹಿಂದೆ, ಸಾಲಾಗಿ ನಿಂತಿರುವಾಗ ಇವುಗಳನ್ನು ಬೇರೆಬೇರೆ ಹುಚ್ಚುಗಳೆಂದು ಎಣಿಸುವುದು ಅನ್ಯಾಯ.

ಇದಕ್ಕಿಂತ ಸೂಕ್ಷ್ಮವಾದ ಪ್ರಮಾಣವೊಂದುಂಟು. 1968ರ ಜನವರಿಯಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಮುಂಬಯಿಗೆ ಬಂದು, ಎಚ್.ಎಂ.ವಿ. ಸ್ಟುಡಿಯೋದಲ್ಲಿ, ಸರೋದು, ಶಹನಾಯಿ, ಬಾನ್ಸುರಿಗಳನ್ನು ನುಡಿಸುವ ನಮ್ಮ ಕಲಾವಿದರನ್ನು ಕೂಡಿಸಿಕೊಂಡು 'ದಿ ಇನ್ನರ್ ಲೈಟ್' ಎಂಬ ಹಾಡಿನ ವಾದ್ಯಭಾಗವನ್ನು ಮುದ್ರಿಸಿದನು. ಕೊಳಲು ಹರಿಪ್ರಸಾದ್ ಚೌರಾಸಿಯಾರದು. ಇಪ್ಪತ್ತನಾಲ್ಕು ವರ್ಷಗಳ ಅನಂತರ, 1992ರಲ್ಲಿ, ಸ್ಟಾರ್ ಟ್ರೆಕ್‌ನ ಮುಂದಿನ ಪೀಳಿಗೆಯ ಧಾರಾವಾಹಿಯಲ್ಲಿ ಒಂದು ಕಂತಿಗೆ ಅದೇ ಹಾಡಿನ ಹೆಸರನ್ನಿಟ್ಟರು. ಅದರಲ್ಲಿ ನೌಕೆಯ ನಾಯಕ ಪಿಕಾರ್ಡನು ಒಂದು ಅಜ್ಞಾತ ಯಂತ್ರದ ಪ್ರಭಾವದಿಂದ ಮೂರ್ಛೆಹೋಗಿ, ಎಂದೋ ಅಳಿದುಹೋದ ಲೋಕವೊಂದರಲ್ಲಿ ಗೃಹಸ್ಥನಾಗಿ, ಮಕ್ಕಳನ್ನು ಪಡೆದು, ಕೊಳಲು ಕಲಿತು, ಮೊಮ್ಮಗನನ್ನು ಆಡಿಸಿ, ಮುದುಕನಾಗಿ, ಎಚ್ಚೆತ್ತಾಗ ನೌಕೆಯಲ್ಲಿ ಕಳೆದದ್ದು ಇಪ್ಪತ್ತೈದು ನಿಮಿಷ ಮಾತ್ರ. ನೀರು ತರಹೋಗಿ ಒಂದು ಸಂಸಾರವನ್ನೇ ಅನುಭವಿಸಿ ಬಂದ ನಾರದರ ಕಥೆಯನ್ನು ಬಲ್ಲ ನಮಗೆ ಇದು ಹೊಸದೆನ್ನಿಸದಿರಬಹುದು. ಆದರೆ ಆ ಹೆಸರಿನ ಮೂಲಕ ಮುಂಬಯಿಯ ಕೊಳಲು ನಕ್ಷತ್ರಲೋಕವನ್ನು ಮುಟ್ಟಿತೆಂಬುದು ನನಗೆ ಸಣ್ಣ ಸಂಗತಿಯಲ್ಲ. ಆ ಹಾಡಿನ ಆಶಯವನ್ನು ಹ್ಯಾರಿಸನ್ ತೆಗೆದುಕೊಂಡದ್ದು ಚೀನದ ಪ್ರಾಚೀನ ಗ್ರಂಥವಾದ ತಾವೋ ತೇ ಚಿಂಗ್‌ನಿಂದ. ಮನೆಯ ಬಾಗಿಲನ್ನು ದಾಟದೆಯೇ ಲೋಕವನ್ನೆಲ್ಲ ಅರಿಯಬಹುದೆಂಬುದು ಅಲ್ಲಿಯ ತಾತ್ಪರ್ಯ. ರವಿವಾರ ಬೆಳಗಿನಿಂದ ಸಂಜೆಯವರೆಗೆ ಟೀವಿಯ ಎದುರಿನ ಕುರ್ಚಿಯಿಂದ ಕದಲದಿರುವುದಕ್ಕೆ ಇಷ್ಟು ಪುರಾತನವಾದ ಆಧಾರವುಂಟೆಂದು ನಾನು ಮನೆಯಲ್ಲಿ ನಿವೇದಿಸಿದೆನು. ಲಾವೋತ್ಸೆಗೆ ಭಾಜಿ ತರುವ ಕೆಲಸವಿರಲಿಲ್ಲವೆಂದು ತೋರುತ್ತದೆ, ಎಂಬ ಪೂರ್ವಪಕ್ಷ ಬಂದಿತು. ಅದಕ್ಕೆ ಸಮಾಧಾನವು ನನಗೆ ಇನ್ನೂ ಹೊಳೆದಿಲ್ಲ.

ಕ್ವೀನ್ ತಂಡದ ಗಿಟಾರುವಾದಕ ಬ್ರಿಯಾನ್ ಮೇ ಖಗೋಳಭೌತಶಾಸ್ತ್ರದ ವಿದ್ಯಾರ್ಥಿ. ಹಾಡಿನ ಸಲುವಾಗಿ ಅರ್ಧದಲ್ಲಿ ಬಿಟ್ಟ ಪ್ರಬಂಧವನ್ನು, ಸೌರಮಂಡಲದ ಧೂಳನ್ನು ಕುರಿತದ್ದನ್ನು, 2007ರಲ್ಲಿ ಪೂರೈಸಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ ಡಾಕ್ಟರೇಟನ್ನು ಪಡೆದನು. 1975ರಲ್ಲಿ ಅವನು ಬರೆದ ಹಾಡೊಂದರ ಹೆಸರು ಬರಿಯ 39 ಎಂಬ ಅಂಕಿ. ಹೊಸ ನೆಲವನ್ನರಸಿ ಅಂತರಿಕ್ಷಕ್ಕೆ ಹೊರಟವರು ತಮ್ಮ ಲೆಕ್ಕದಲ್ಲಿ ಒಂದು ವರ್ಷವನ್ನು ಕಳೆದು ಮರಳಿದಾಗ, ಮನೆಯಲ್ಲಿ ನೂರು ವರ್ಷಗಳು ಸಂದಿರುತ್ತವೆ. ಐನ್‌ಸ್ಟೈನರ ಸಾಪೇಕ್ಷತೆಯೇ ಆ ಕಥೆಯ ಬೀಜ. ನಮ್ಮ ಸೊಸೈಟಿಯ ಕೆಳಮಹಡಿಯಲ್ಲಿರುವ ಶೆಟ್ಟರಿಗೆ ನಾನಿದನ್ನು ವಿವರಿಸಿದೆನು. ಅವರು ಕುಂದಾಪುರದ ಕಡೆಯಿಂದ ಬಾಲ್ಯದಲ್ಲಿಯೇ ಬಂದು, ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ತಾವೇ ಒಂದು ಹೋಟೆಲನ್ನು ನಡೆಸಿ, ಈಗ ಅದನ್ನು ಮಗನಿಗೆ ಬಿಟ್ಟು, ಕರ್ನಾಟಕ ಮಲ್ಲ ಪತ್ರಿಕೆಯನ್ನು ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದುತ್ತ ಇರುವವರು. ಎಲ್ಲವನ್ನೂ ಕೇಳಿ, "ಇದಕ್ಕೆ ಆಕಾಶಕ್ಕೆ ಎಂತಕ್ಕೆ ಹೋಗ್ಬೇಕು ಮಾರಾಯ್ರೆ?" ಎಂದರು. "ಒಂದು ವರ್ಷ ದುಡಿದು ಬರ್ತೇನೆ ಅಂತ ಅಮ್ಮನಿಗೆ ಹೇಳಿ ಬಸ್ಸು ಹತ್ತಿದವ ನಾನು. ಮೊನ್ನೆ ಊರಿಗೆ ಹೋದ್ರೆ ನಮ್ಮ ಮನೆಯ ದಣಪೆಯಲ್ಲೇ ನಿಂತು, ಯಾರು ಬೇಕಿತ್ತು ಅಂತ ಒಬ್ಬ ಹುಡುಗ ನನ್ನನ್ನೇ ಕೇಳಿದ." ಬೆಳಕಿನ ವೇಗವನ್ನು ಮುಟ್ಟದೆಯೇ, ಸರಕಾರಿ ಬಸ್ಸಿನ ವೇಗದಲ್ಲಿಯೇ, ಕಾಲವನ್ನು ಇಷ್ಟು ಹಿಗ್ಗಿಸಬಹುದೆಂಬ ಸಂಗತಿ ಭೌತಶಾಸ್ತ್ರಜ್ಞರ ಗಮನಕ್ಕೆ ಬಂದಂತಿಲ್ಲ.

ರಾಕ್ ಸಂಗೀತದ ದೇವತೆಗಳು ನೆರೂಳಿನ ಆ ಕ್ರೀಡಾಂಗಣಕ್ಕೇ ಬಿಜಯಂಗೈದದ್ದೂ ಉಂಟು. 2019ರ ಡಿಸೆಂಬರ್ 15ರಂದು ಐರ್ಲೆಂಡಿನ ಯು2 ತಂಡವು ಅಲ್ಲಿ ಹಾಡಿತು. 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ತಂಡವು ಮೂರು ರಾತ್ರಿ ಹಾಡಿತು. ಇವರು ಹಿರಿಯ ಸಂಪ್ರದಾಯದವರಲ್ಲವಾದರೂ, ಆ ಸಂಗೀತಯಾತ್ರೆಗೆ ಕಾರಣವಾದ ಆಲ್ಬಮ್ಮು ಕಲ್ಪಿತವಾದ ಒಂದು ಗ್ರಹಮಂಡಲವನ್ನು ಕುರಿತದ್ದಾದುದರಿಂದ, ಕ್ರೀಡಾಂಗಣದಲ್ಲಿ, ಅಂತರಿಕ್ಷಕಥೆಯ ನೆಪದಲ್ಲಿ, ಸಂಗೀತವೆಂದು ತ್ರಿವೇಣೀಸಂಗಮವು ಸಿದ್ಧವಾಯಿತು.

ಈ ಪುರಾಣದ ಕರಡನ್ನು ಶೆಟ್ಟರಿಗೆ ಓದಿ ಹೇಳಿದೆನು. ಗವಾಸ್ಕರರ ಎಡಗೈಗೆ ತಲೆದೂಗಿದರು, ಟಾರ್ಡಿಸ್ ಬಂದಾಗ ತೂಕಡಿಸಿದರು, ಮುಗಿದ ಮೇಲೆ ಕನ್ನಡಕವನ್ನು ತೆಗೆದು, "ಫಲಶ್ರುತಿ ಎಲ್ಲುಂಟು? ಫಲಶ್ರುತಿ ಇಲ್ಲದ ಪುರಾಣವನ್ನು ಯಾರು ಕೇಳ್ತಾರೆ?" ಎಂದರು. ಆಕ್ಷೇಪವು ಶಾಸ್ತ್ರಸಮ್ಮತವೇ ಆದುದರಿಂದ ನಾನು ಅಲ್ಲಿಯೇ ಕುಳಿತು, ಇದನ್ನು ಪ್ರಾತಃಕಾಲದಲ್ಲಿ ಶ್ರದ್ಧೆಯಿಂದ ಪಠಿಸಿದವರಿಗೆ ಮಾನಸರೋವರದಿಂದ ಸಿ.ಎಸ್.ಎಂ.ಟಿ.ಯವರೆಗೆ ಕಿಟಕಿಯ ಪಕ್ಕದ ಸೀಟು ಲಭಿಸುವುದೆಂದು ಸೇರಿಸಿ ತೋರಿಸಿದೆನು.

"ಅದು ಬೇಡ ಮಾರಾಯ್ರೆ" ಎಂದರು ಶೆಟ್ಟರು. "ಸ್ವರ್ಗ ಸಿಗ್ತದೆ ಅಂತ ಬರೀರಿ. ಸ್ವರ್ಗ ಆದ್ರೆ ಹೋದವರು ಯಾರೂ ತಿರುಗಿ ಬಂದು ಸುಳ್ಳು ಅಂತ ಹೇಳುದಿಲ್ಲ. ಸೀಟು ಅಂತ ಬರೆದ್ರೆ ನಾಳೆ ಬೆಳಿಗ್ಗೆ ಏಳು ಗಂಟೆಗೇ ಗೊತ್ತಾಗಿ ಹೋಗ್ತದೆ."